ಒಂದು ಸ್ಟೇಜಿನ ದೂರ

ಈ ರಸ್ತೆ ನನಗೆ ಬಾಯಿಪಾಠ.
ಆರು ವರ್ಷ, ದಿನಕ್ಕೆರಡು ಸಲ,
ಕೈಮರದಿಂದ ಅತ್ತಿಗುಂಡಿಗೆ
ಕಂಬಿ ಹಿಡಿದು ನಿಂತೇ ಹತ್ತಿದ್ದೇನೆ.
ತಿರುವು ಬರುವ ಮೊದಲೇ ಸೊಂಟ ವಾಲುತ್ತದೆ,
ಅಷ್ಟು ಗುರುತು.

ಇವತ್ತು ಸಿ.ಎಲ್. ಹಾಕಿ ಅದೇ ರಸ್ತೆಗೆ
ಓಡಲು ಬಂದಿದ್ದೇನೆ. ಇಪ್ಪತ್ತೊಂದು ಕಿಲೋಮೀಟರು,
ಅರ್ಧ ಮೇಲಕ್ಕೆ, ಅರ್ಧ ವಾಪಸು.
ಡಿಪೋದಲ್ಲಿ ನಕ್ಕರು:
ಯಾಕೆ, ಬಸ್ಸಿಲ್ವಾ ನಿಂಗೆ?

ನಂಬರಿನ ಜೊತೆ ನಾಲ್ಕು ಪಿನ್ನು ಕೊಡಬೇಕಿತ್ತು,
ಕೊಟ್ಟದ್ದು ಎರಡು.
ಯಾವತ್ತೂ ನನ್ನ ಬಳೆಯಲ್ಲಿ ಮೂರು ಪಿನ್ನು ತೂಗುತ್ತವೆ,
ಯಾರ ಸೆರಗು ಹರಿದರೂ, ಯಾರ ಚಪ್ಪಲಿ ಕಿತ್ತರೂ
ತಗೊಳ್ಳಿ ಅಂತ ಕೊಟ್ಟವಳು.
ಹಗುರ ಇರಲಿ ಅಂತ ಬಳೆ ಬಿಚ್ಚಿಟ್ಟ ದಿನವೇ ಹೀಗೆ.
ನಾಲ್ಕುನೂರ ಹದಿನೇಳು
ಎದೆಯ ಮೇಲೆ ಪಟಪಟ ಬಡಿದುಕೊಳ್ಳುತ್ತ ಹೊರಟಿತು.

ಮೂರನೆಯ ಕಿಲೋಮೀಟರಿಗೆ ಶೂ ಲೇಸು ತುಂಡಾಯಿತು.
ಜಡೆಯ ರಿಬ್ಬನ್ನು ಬಿಚ್ಚಿ ಕಟ್ಟಿದೆ.
ಶೂ ನಿಂತಿತು, ಕೂದಲು ಬಾಯಿಗೆ ಬಂತು.
ಜೇಬಿನ ಶೇಂಗಾ ಚಿಕ್ಕಿ ಬೆವರಿಗೆ ಕರಗಿ
ಹತ್ತರ ನೋಟಿಗೆ ಅಂಟಿ ಕೂತಿತ್ತು;
ನೋಟು ಸುಲಿದು ತಿಂದೆ.
ಮಂಗಳೂರಿನ ಲ್ಯಾನ್ಸಿ ಮಾಸ್ತರರಂತೆ, ಅರವತ್ತೆರಡು ವಯಸ್ಸು,
ಪಕ್ಕದಲ್ಲೇ ಟಪಟಪ ಬರುತ್ತ ಅಂದರು:
ಮೇಲೆ ನೋಡ್ಬೇಡಿ, ಶೂ ನೋಡ್ಕೊಂಡು ಓಡಿ.
ನೋಡಿದೆ. ಹಸಿರು ರಿಬ್ಬನ್ನು.

ಏಳೂ ಕಾಲಿಗೆ ಬೆನ್ನ ಹಿಂದೆ ಗೇರು ಇಳಿದ ಸದ್ದು.
ಹಾಲೇಶಣ್ಣನ ಹಾರನ್ನು ಸಾವಿರದಲ್ಲೂ ಗೊತ್ತಾಗುತ್ತದೆ.
ಕಿಟಕಿಯ ತುಂಬ ನನ್ನ ಪ್ಯಾಸೆಂಜರುಗಳು,
ಅಯ್ಯೋ ಕಂಡಕ್ಟರಮ್ಮ, ಹತ್ಕೊಳ್ಳಿ!
ಹತ್ತಿಬಿಡಲೇ ಅನ್ನಿಸಿತು, ಸುಳ್ಳು ಹೇಳಲಾರೆ.
ಡೀಸೆಲ್ಲಿನ ಹೊಗೆ ಕುಡಿದು ಕೆಮ್ಮಿ
ನಡೆದೆ ಸ್ವಲ್ಪ ದೂರ.

ಆಗ ಬಂತು ಆ ತಿರುವು.

ಹೋದ ವರ್ಷ ಇಲ್ಲೇ ಒಬ್ಬ ಹುಡುಗನನ್ನು ಇಳಿಸಿದ್ದೆ.
ಹದಿಮೂರಿರಬೇಕು. ತೊಡೆಯ ಮೇಲೆ
ಕೋಳಿಮರಿಗಳ ರಟ್ಟಿನ ಡಬ್ಬ.
ಮೂರು ರೂಪಾಯಿ ಕಮ್ಮಿ ಇತ್ತು ಅವನಲ್ಲಿ.
ಚೆಕ್ಕಿಂಗಿನ ಜೀಪು ಹಿಂದೆಯೇ ಇದೆ ಅಂತ ಸುದ್ದಿ,
ನನ್ನ ಮೇಲೆ ಆಗಲೇ ಒಂದು ಮೆಮೋ.
ಒಂದೇ ಸ್ಟೇಜು ಕಣೋ, ಇಲ್ಲೇ ಹತ್ತಿರ, ನಡ್ಕೊಂಡು ಹೋಗು,
ಅಂದಿದ್ದೆ.
ಬಾಗಿಲು ಮುಚ್ಚುವಾಗ ಡಬ್ಬದ ತೂತುಗಳಿಂದ
ಚಿಂವ್ ಚಿಂವ್.

ಹತ್ತಿರ!
ತೊಡೆ ನಡುಗುತ್ತಿದೆ, ಎಡ ಹೆಬ್ಬೆರಳಿನ ಉಗುರು
ಶೂವಿಗೆ ಕುಟ್ಟಿ ಕುಟ್ಟಿ ಒದ್ದೆಯಾಗಿದೆ,
ಬೆವರೋ ರಕ್ತವೋ, ಬಿಚ್ಚಿ ನೋಡುವ ಧೈರ್ಯವಿಲ್ಲ.
ಒಂದು ತಿರುವು, ಅದರ ಮೇಲೆ ಇನ್ನೊಂದು,
ಬಂಡೆಯ ಹಿಂದೆ ಮತ್ತೊಂದು.
ಅವನು ಡಬ್ಬ ಅಲುಗಾಡದಂತೆ ಹಿಡಿದು
ಇಷ್ಟೂ ಹತ್ತಿದ್ದಾನೆ.
ಬಸ್ಸಲ್ಲಿ ಇದು ಎರಡು ಟಿಕೆಟು ಹರಿಯುವ ಹೊತ್ತು.

ತುದಿಯಲ್ಲಿ ಬೀಸಿದ ಗಾಳಿಗೆ ನಂಬರು ಕಿತ್ತು
ಕಣಿವೆಯ ಕಡೆ ತೇಲಿತು.
ನಾನು ವಾಪಸು ಓಡಿದೆ.
ಇಳಿಜಾರು ಸುಲಭ ಅಂದವರ ಉಗುರು ಗಟ್ಟಿ ಇರಬೇಕು.

ಕೈಮರದಲ್ಲಿ ಗೆರೆ ದಾಟಿದೆ. ಗಡಿಯಾರ
ಯಾವಾಗಲೋ ಸತ್ತಿತ್ತು.
ಪದಕದ ಟೇಬಲ್ಲಿನ ಹುಡುಗಿ ತಲೆ ಎತ್ತದೆ ಕೇಳಿದಳು:
ನಂಬರ್ ಎಲ್ಲಿ? ನಂಬರ್ ಇಲ್ದೆ ಕೊಡಂಗಿಲ್ಲ ಮೇಡಂ.
ಅವಳದೇನು ತಪ್ಪು, ಅದು ನನ್ನದೇ ಸ್ವರ.
ಸುಮ್ಮನೆ ಪಕ್ಕಕ್ಕೆ ನಿಂತೆ,
ನನ್ನ ಬಸ್ಸಲ್ಲಿ ಅವರು ನಿಲ್ಲುವ ಹಾಗೆ.

ಆಗ ಹಾಲೇಶಣ್ಣ ಬಸ್ಸು ನಿಲ್ಲಿಸಿ ಇಳಿದ.
ವೈಪರಿನ ಕಡ್ಡಿಗೆ ಸಿಕ್ಕಿಸಿದ್ದ ಮಣ್ಣಾದ ಕಾಗದ:
ನಾಲ್ಕುನೂರ ಹದಿನೇಳು.
ಚರಂಡೀಲಿ ಬಿದ್ದಿತ್ತಮ್ಮ, ಯಾರದ್ದೀ ಟಿಕೆಟು?
ಎಲ್ಲರೂ ನಕ್ಕರು. ನಾನೂ.
ಪದಕ ಕೊರಳಿಗೆ ಬಂತು, ಚಿಕ್ಕಿಯ ಅಂಟಿಗೆ
ಅಂಗಿಗೇ ಕಚ್ಚಿಕೊಂಡಿತು.

ಸೋಮವಾರ ಡ್ಯೂಟಿ. ಕಪ್ಪಾದ ಉಗುರಿನ ಮೇಲೆ
ಖಾಕಿಯ ಜೊತೆಗಿನ ಶೂ ಹಾಕಲಾರದೆ ಚಪ್ಪಲಿ.
ಆ ತಿರುವಿನ ಹತ್ತಿರ ಯಾರೋ ಕೇಳಿದರು,
ಮುಂದಿನ ಸ್ಟೇಜಿಗೆ ಎಷ್ಟು?
ಹತ್ತು ರೂಪಾಯಿ ಅಂದೆ.
ಎಷ್ಟು ದೂರ ಅಂತ ಅವರು ಕೇಳಲಿಲ್ಲ.