ನಾಲ್ಕು ಕ್ವಿಂಟಾಲ್ ಹತ್ತಿ

ರಾಯಚೂರಿನ ಗಂಜಿನ ಹಿಂದಿನ ಕೋಣೆಯಲ್ಲಿ
ಮೂರು ಯಂತ್ರಗಳಿದ್ದವು, ಒಂದಕ್ಕೊಂದು ಮಾತಿಲ್ಲ.
ಕಾಂಟಾದ ಪಕ್ಕದ್ದು ಕಪ್ಪು ಪರದೆ, ಹಸಿರು ಅಕ್ಷರ.
ಜಿನ್ನಿಂಗ್ ಮಿಲ್ಲಿನದು ಅಲಮಾರಿಯಷ್ಟು ಎತ್ತರ,
ಝುಂಬರಲಾಲರು ಸೊಲ್ಲಾಪುರದ ಹರಾಜಿನಲ್ಲಿ ಹಿಡಿದದ್ದು.
ಮೂರನೆಯದು ಬ್ಯಾಂಕಿನದು; ಧೂಳು ಒರೆಸಲಿಕ್ಕೂ
ಮ್ಯಾನೇಜರರ ಸಹಿ ಬೇಕು.
ತೂಕದ ಲೆಕ್ಕ ಇಲ್ಲಿಂದ ಅಲ್ಲಿಗೆ ಹೋಗುತ್ತಿದ್ದದ್ದು ಚೀಟಿಯಲ್ಲಿ,
ಚೀಟಿ ಹುಡುಗನ ಅಂಗಿಯ ಜೇಬಿನಲ್ಲಿ,
ಹುಡುಗ ಮಿರ್ಚಿ ಬಂಡಿಯ ಮುಂದೆ.

ಅದಕ್ಕೇ ನನ್ನನ್ನು ಕರೆಸಿದ್ದರು.

ಹೈದರಾಬಾದಿನ ಬಸ್ಸಿನಲ್ಲಿ ಒಂದು ಪುಸ್ತಕ ಬಂತು, ಇಟ್ಟಿಗೆಯಷ್ಟು ದಪ್ಪ.
ಒಬ್ಬರ ಮುಖ ಒಬ್ಬರಿಗಾಗದ ಕಂಪನಿಗಳು
ಒಂದೇ ಮೇಜಿಗೆ ಕೂತು ಬರೆದ ಕರಾರು:
ಯಾರೂ ತಮ್ಮ ಮನೆಮಾತು ಬಿಡಬೇಕಿಲ್ಲ,
ಬಾಗಿಲಿಗೊಂದು ಹಲಗೆ ತೂಗುಹಾಕಿದರೆ ಸಾಕು.
ನನ್ನನ್ನು ಏನು ಕೇಳಬಹುದು, ಕೇಳಿದರೆ ಏನು ಕೊಡುತ್ತೇನೆ.
ಒಳಗೆ ಒಲೆ ಯಾವ ದಿಕ್ಕಿಗಿದೆ ಎಂದು
ಯಾರೂ ಇಣುಕುವಂತಿಲ್ಲ.
ನಡುವೆ ನಿಂತು ಕೇಳಿದ್ದನ್ನು ಒಯ್ದು, ಕೊಟ್ಟಿದ್ದನ್ನು ತರುವ ತಂತ್ರಾಂಶಕ್ಕೆ
ಆ ಪುಸ್ತಕ ಇಟ್ಟ ಹೆಸರು ಬ್ರೋಕರ್.
ಓದಿ ಹೇಳಿದೆ. ಗಂಜಿನ ದಲಾಲರು ಮೀಸೆ ತಿರುವಿದರು.
‘ಅಂವ ಅಡತಿ ಎಷ್ಟು ಮುರ್ಕೊಂತಾನ್ರಿ?’
ಪೈಸೆ ಇಲ್ಲ ಅಂದೆ.
‘ಹಂಗಾರ ಅಂವ ಬ್ರೋಕರ್ ಅಲ್ಲ ಬಿಡ್ರಿ.’

ಪುಸ್ತಕದಲ್ಲಿ ಅರ್ಧ ಓದಿ, ಅರ್ಧ ನನ್ನ ಜಾಣತನ ಹಚ್ಚಿ
ತಂತಿ ಎಳೆದೆ. ಮೂರು ವಾರ.
ಗುರುವಾರ ಮುಂಜಾನೆ ಕಲ್ಮಲಾದ ಬೂದೆಪ್ಪ
ಕಾಂಟಾದ ಮೇಲೆ ಹತ್ತಿ ಇಟ್ಟ: ನಾಲ್ಕು ಕ್ವಿಂಟಾಲ್.
ಹಸಿರು ಅಕ್ಷರವೂ ಅದನ್ನೇ ಹೇಳಿತು, ನಾಲ್ಕು.
ಗೋಡೆಯಾಚೆ ಮಿಲ್ಲಿನ ಯಂತ್ರ ತಡಮಾಡದೆ ಬರೆದುಕೊಂಡಿತು:
ಒಂದು ಸಾವಿರದ ಇಪ್ಪತ್ನಾಲ್ಕು.

ಝುಂಬರಲಾಲರು ಚಹಾ ಕೆಳಗಿಟ್ಟರು.
ಬೂದೆಪ್ಪ ತನ್ನ ಬಂಡಿಯನ್ನೊಮ್ಮೆ, ಪರದೆಯನ್ನೊಮ್ಮೆ ನೋಡಿ
‘ಅದು ಹೇಳಿದ್ದ ಇರ್ಲಿ ಬಿಡ್ರಿ’ ಅಂದ.

ರಾತ್ರಿಯವರೆಗೆ ತಂತಿ ಕಿತ್ತೆ, ಜೋಡಿಸಿದೆ.
ಸಂಖ್ಯೆ ಮುರಿದಿರಲಿಲ್ಲ, ಒಂದು ತುಣುಕೂ ಕಳೆದಿರಲಿಲ್ಲ.
ಅದೇ ಸಾವಿರದ ಇಪ್ಪತ್ನಾಲ್ಕು, ಹಟ ಹಿಡಿದಂತೆ.

ಲೆಕ್ಕ ಮುಗಿಸಿ ಚಪ್ಪಲಿ ಹುಡುಕುತ್ತಿದ್ದ ಮುನ್ಷಿ ಗೌಸ್‌ಪೀರ್
ತಮ್ಮ ಖಾತೆ ಪುಸ್ತಕ ನನ್ನ ಮುಂದಿಟ್ಟರು.
‘ತೆರಿ ಬೇಟಿ.’
ತೆರೆದೆ. ಖಾಲಿ ಹಾಳೆ.
‘ನೀ ತೆರದದ್ದು ಕಡೀ ಪುಟ. ನನ್ನ ಮೊದಲು ಆ ಕಡೆ ಅದ.’

ನಾನು ಅವರ ಮುಖ ನೋಡುತ್ತ ಕೂತೆ.
ಒಂದು ಯಂತ್ರ ಅಂಕಿಯ ದೊಡ್ಡ ತುದಿ ಮೊದಲು ಕೊಡುತ್ತದೆ,
ಇನ್ನೊಂದು ಸಣ್ಣ ತುದಿ ಮೊದಲು ತಗೊಳ್ಳುತ್ತದೆ.
ಸುಳ್ಳು ಹೇಳಿದವರು ಯಾರೂ ಇಲ್ಲ.

ನಾನು ಓದದೆ ಬಿಟ್ಟ ಅರ್ಧದಲ್ಲಿ ಇತ್ತು ಆ ಸಾಲು:
ಕಳಿಸುವವನು ತನ್ನ ರೂಢಿಯಂತೆಯೇ ಕಳಿಸಲಿ,
ಆದರೆ ಯಾವ ಕಡೆಯಿಂದ ಬರೆದೆ ಎಂಬ ಗುರುತು ಮುಂದೆ ಇಡಲಿ.
ತಿರುವಿಕೊಳ್ಳುವ ಕಷ್ಟ ಪಡೆಯುವವನದು.
ಒಂದೇ ಒಂದು ಗುರುತು. ಸೊನ್ನೆ, ಇಲ್ಲವೇ ಒಂದು.

ದನದ ಸಂತೆಯಲ್ಲಿ ಇದನ್ನು ನಾನು ಎಷ್ಟು ಸಲ ಕಂಡಿಲ್ಲ!
ಗದ್ವಾಲದ ನರಸಿಂಹುಲುವಿಗೆ ಕನ್ನಡ ಬಾರದು,
ದೇವದುರ್ಗದ ದಲಾಲನಿಗೆ ತೆಲುಗು ಬೇಕಿಲ್ಲ,
ಟವೆಲ್ಲಿನ ಕೆಳಗೆ ಎರಡು ಕೈ, ಮೇಲೆ ಎರಡು ಮುಖ ಎಲ್ಲೋ ನೋಡುತ್ತವೆ.
ಆದರೂ ಬೆರಳು ಹಿಡಿಯುವ ಮೊದಲು
ಇದು ನೂರರ ಬೆರಳೋ ಸಾವಿರದ್ದೋ,
ಬಾಯಿಬಿಟ್ಟು ಹೇಳಿಯೇ ಹಿಡಿಯುತ್ತಾರೆ.

ಮರುದಿನ ಬೂದೆಪ್ಪನ ಹತ್ತಿ ನಾಲ್ಕೇ ಆಯಿತು.
ರೊಕ್ಕ ಎಣಿಸಿ, ಟವೆಲ್ಲಿಗೆ ಗಂಟು ಹಾಕುತ್ತ
‘ಉಳಿದ ಸಾವಿರದಿಪ್ಪತ್ತು ನಿಮ್ಮಲ್ಲೇ ಇರ್ಲಿ ಬಾಯಿ, ಮಗಳ ಲಗ್ನಕ್ಕ ಒಯ್ತೀನಿ’ ಅಂದು
ಮಿರ್ಚಿ ಬಂಡಿಯ ಕಡೆ ನಡೆದ.

ಆ ಯಂತ್ರಗಳು ಗುಜರಿಗೆ ಹೋದವು, ಇಟ್ಟಿಗೆಯಂಥ ಪುಸ್ತಕವೂ.
ಈಗಿನ ಹುಡುಗರಿಗೆ ಅದರ ಹೆಸರೂ ಗೊತ್ತಿಲ್ಲ, ಗೊತ್ತಿರಬೇಕೆಂದೂ ಇಲ್ಲ.
ಕಾಂಟಾದ ಮೇಲಿನ ಗೋಡೆಗೆ ಅಂದು ಪೆನ್ಸಿಲ್ಲಿನಲ್ಲಿ
‘ಎಡದಿಂದ’ ಎಂದು ಬರೆದಿದ್ದೆ.
ಯಾವಾಗಲೋ ಅದರ ಕೆಳಗೆ ಮುನ್ಷಿ
ಎದುರು ದಿಕ್ಕಿಗೆ ಒಂದು ಬಾಣ ಎಳೆದು, ಸಹಿ ಮಾಡಿದ್ದರು.
ಎರಡು ಸಲ ಸುಣ್ಣ ಬಳಿದಿದ್ದಾರೆ.
ಹೋದಾಗಲೆಲ್ಲ ಅಲ್ಲಿ ಕೈಯಾಡಿಸುತ್ತೇನೆ.