ಮುಚ್ಚದ ಗೀರು

ಪರೇಲಿನ ನಾಲ್ಕನೇ ಮಹಡಿ. ಮೂವತ್ತೇಳು ಡಿಗ್ರಿಯ ಪೆಟ್ಟಿಗೆಯಲ್ಲಿ
ಅವು ಬೆಳೆಯುತ್ತಿವೆ: ಯಾರದೋ ಮೂಳೆಯಿಂದ
ನಾನು ಹುಟ್ಟುವ ಮೊದಲೇ ಕೆರೆದು ತೆಗೆದ ಜೀವಕೋಶ.
ಆ ಮನುಷ್ಯ ಹೋಗಿ ಎಷ್ಟೋ ಕಾಲ.
ಇವಕ್ಕೆ ಸುದ್ದಿ ಮುಟ್ಟಿಲ್ಲ.

ತಿನ್ನುತ್ತವೆ, ಇಬ್ಭಾಗವಾಗುತ್ತವೆ, ಒತ್ತರಿಸಿ ಕೂರುತ್ತವೆ
ಬೆಳಗಿನ ಲೋಕಲ್ಲಿನ ಹೆಂಗಸರ ಡಬ್ಬಿಯಲ್ಲಿ
ಮೂರು ಜನರ ಸೀಟಿಗೆ ನಾಲ್ಕನೆಯವಳು ಬಂದು
‘ಜರಾ ಸರಕಾ’ ಎನ್ನುವ ಹಾಗೆ.

ಬಟ್ಟಲಿನ ತಳ ತುಂಬಿತೆಂದರೆ ನನ್ನ ಕೆಲಸ ಶುರು.
ಪಿಪೆಟ್ಟಿನ ಹಳದಿ ಮೂತಿಯಿಂದ
ನಡುವೆ ಒಂದೇ ಗೀರು.
ಕೈ ನಡುಗಕೂಡದು, ಎರಡನೇ ಸಲ ಎಳೆಯಕೂಡದು.
ತೊಳೆದರೆ ಒಂದು ಬರಿದಾದ ಓಣಿ,
ಎಡಕ್ಕೊಂದು ದಡ, ಬಲಕ್ಕೊಂದು ದಡ.

ಒಂದು ಬಟ್ಟಲಿಗೆ ಬರೀ ದ್ರಾವಣ.
ಮಿಕ್ಕವಕ್ಕೆ ಮದ್ದು. ಹೆಸರಿಲ್ಲ ಅದಕ್ಕೆ ಇನ್ನೂ,
ಬರೀ ನಂಬರು: ನಲವತ್ತೊಂದು ಬಿ.
ಉಪ್ಪಿನ ಹರಳಿಗಿಂತ ಕಡಿಮೆ.

ಇಪ್ಪತ್ತನಾಲ್ಕು ಗಂಟೆ ಬಿಟ್ಟು ನೋಡುತ್ತೇನೆ.
ಮದ್ದಿಲ್ಲದ ಕಡೆ ದಡಕ್ಕೆ ದಡ ಸೇರಿಬಿಟ್ಟಿದೆ,
ಓಣಿಯೇ ಇರಲಿಲ್ಲವೆಂಬಂತೆ.
ಮದ್ದಿರುವಲ್ಲಿ
ಅಂಚಿನವು ಕಾಲು ಚಾಚಿ, ಚಾಚಿದ ಕಾಲು ಮಡಚಿ
ಹೊಸ್ತಿಲಲ್ಲೇ ನಿಂತಿವೆ.
ಸತ್ತಿಲ್ಲ. ಅದನ್ನು ಹೇಳಲೇಬೇಕು.
ತಡವಾಗಿವೆ, ಅಷ್ಟೆ.
ಫಾಸ್ಟ್ ಗಾಡಿ ಇವತ್ತೊಂದು ದಿನ ಸ್ಲೋ ಆಗಿ
ಕಾಂಜೂರು, ವಿಕ್ರೋಳಿ, ವಿದ್ಯಾವಿಹಾರ
ಎಲ್ಲೆಲ್ಲೂ ನಿಲ್ಲುತ್ತ ಬರುವ ಹಾಗೆ.

ಭಾಂಡುಪಿನ ನಮ್ಮ ಚಾಳಿನ ಕೆಳಮನೆ
ಕೂಸಪ್ಪ ಬಂಗೇರರಿಗೆ ಮೂರು ತಿಂಗಳಿಗೊಂದು ಸೂಜಿ.
ಲಾಲ್‌ಬಾಗಿನಲ್ಲಿ ಮೂವತ್ತೆಂಟು ವರ್ಷ ಪ್ಯಾಂಟು ಹೊಲಿದವರು,
ಎಷ್ಟು ಗಂಡಸರ ಕಾಲಳತೆ ಬರೆದುಕೊಂಡವರು,
ತಮ್ಮ ಕಾಯಿಲೆಯ ಜಾಗದ ಹೆಸರು ಮಾತ್ರ ಬಾಯಿಬಿಟ್ಟು ಹೇಳಲಾರರು.
‘ಕೆಳಗಿನದು’ ಅನ್ನುತ್ತಾರೆ, ನೆಲ ನೋಡುತ್ತ.
ಸೂಜಿಯ ದೆಸೆಯಿಂದ ಮಾಘದಲ್ಲೂ ಬೆವರು,
ಮುಟ್ಟು ನಿಲ್ಲುವ ಹೆಂಗಸಿಗೆ ಬಂದ ಹಾಗೆ.
ವಾರಿಜಕ್ಕ ರಟ್ಟಿನ ತುಂಡಿನಿಂದ ಗಾಳಿ ಬೀಸುತ್ತ
‘ಈಗ ಗೊತ್ತಾಯ್ತಲ್ಲ’ ಎಂದು ನಗುತ್ತಾರೆ,
ನಗುತ್ತ ಮುಖ ತಿರುಗಿಸುತ್ತಾರೆ.

ಒಂದು ಸಂಜೆ ಫೋನಿನಲ್ಲಿದ್ದ ಚಿತ್ರ ತೋರಿಸಿದೆ.
ತೋರಿಸಬಾರದಿತ್ತೇನೋ.
ಕನ್ನಡಕ ಏರಿಸಿ, ಉಗುರಿನಿಂದ ಅಳೆದರು.
‘ಇದು ಹರಿದದ್ದಾ?’
‘ನಾನೇ ಹರಿದದ್ದು.’
‘ಹೊಲಿಗೆ ಬೀಳಬಾರದು. ಅಷ್ಟೇ ಅಲ್ಲವಾ?’

ಅಷ್ಟೇ, ಅಂದೆ.
ಬಟ್ಟಲೇ ಮೈಯಲ್ಲ, ನಡುವೆ ಇಲಿಗಳಿವೆ, ವರ್ಷಗಳಿವೆ,
ಇದರ ಹಿಂದಿನ ನಲವತ್ತೂ ಹೀಗೇ ಆಸೆ ತೋರಿಸಿ
ಕೈಕೊಟ್ಟಿವೆ ಎಂದೂ ಅಂದೆ.
ಕೇಳಿಸಿತೋ ಇಲ್ಲವೋ.

ಬದುಕಿಡೀ ಹರಿದದ್ದನ್ನೆಲ್ಲ ಕೂಡಿಸಿದ ಕೈ
ಗಾಜಿನ ಮೇಲೆ ಆ ಓಣಿಯುದ್ದಕ್ಕೂ ಒಮ್ಮೆ ಹೋಗಿಬಂತು.
ಆಮೇಲೆ ಮೆಲ್ಲಗೆ
ಎರಡು ಬೆರಳು ಅಗಲಿಸಿತು.
ಗೀರು ದೊಡ್ಡದಾಯಿತು.

ನಾಳೆ ನಲವತ್ತೆಂಟನೇ ಗಂಟೆಯ ಲೆಕ್ಕ.
ಏಳೂ ಇಪ್ಪತ್ತರ ಗಾಡಿ ತಪ್ಪಬಾರದು.