ಆನೆ ಕಾಲಿಟ್ಟ ಜಾಗ

ಬೆಳಗಿನ ಜಾವ ಮೂರೂವರೆಗೆ ಗೋಣಿಕೊಪ್ಪಲಿನ ರ‍್ಯಾಕು
ಕೆಂಪು ದೀಪ ಹಚ್ಚಿಕೊಂಡು ಕೂತಿತ್ತು.
ಹುಣಸೂರಿನಿಂದ ಒಂದೇ ಎಳೆಯಲ್ಲಿ ಎಂಬತ್ತು ಬಣ್ಣ ಬರಬೇಕು,
ಯಾವ ಕಣ್ಣೂ ಕಾಣದ ಬಣ್ಣ,
ಹೆಸರಿಡಲು ಯಾರಿಗೂ ಪುರಸೊತ್ತಾಗದೆ
ನಂಬರು ಕೊಟ್ಟು ಸುಮ್ಮನಾಗಿದ್ದೇವೆ.
ಉದ್ದ ಅಲೆಯವು ಮೊದಲು ಸೊರಗಿದ್ದವು.
ಗಿಡ್ಡವು ಹಲ್ಲು ಕಚ್ಚಿಕೊಂಡು ತಪ್ಪು ತಿದ್ದುತ್ತ ತಿದ್ದುತ್ತ
ಇನ್ನಾಗದು ಎನ್ನುವ ಅಂಚಿಗೆ ಬಂದು ನಿಂತಿದ್ದವು.

ಪೂವಯ್ಯ ಕೇಳಿದ, "ಮೇಡಂ, ಪವರ್ ಏರಿಸಿಬಿಡೋಣ್ವಾ?"
ಅವನು ಕಾಲೇಜು ಬಿಟ್ಟು ಆರು ತಿಂಗಳು.
ಒಂದು ಕಾಲಕ್ಕೆ ನಾನೂ ಹೀಗೇ ಕೇಳಿದ್ದೆ.
ಗಾಜು ಸಾಧು. ಆದರೆ ಅಳತೆ ಮೀರಿ ಸುರಿದರೆ
ತನ್ನ ಗುಣವನ್ನೇ ಬದಲಿಸಿಕೊಳ್ಳುತ್ತದೆ,
ಅಕ್ಕಪಕ್ಕದ ಬಣ್ಣಗಳು ಒಂದರ ಮಾತು ಒಂದು ಕೆಡಿಸುತ್ತವೆ.
ನಮ್ಮ ಮದುವೆಗಳಲ್ಲಿ ವಾಲಗದ ಪಕ್ಕ ನಿಂತು ಸುದ್ದಿ ಹೇಳಿದ ಹಾಗೆ,
ಕೂಗಿದಷ್ಟೂ ಕೇಳಿಸದು.
"ಹಾಗಾದರೆ ನಡುವೆ ಒಂದು ಆಂಪ್ಲಿಫಯರ್?"
ಅದು ಬೆಳಕನ್ನು ಬೆಳೆಸುತ್ತದೆ, ಹೌದು;
ಬಂದ ಗದ್ದಲವನ್ನೂ ಬೆಳೆಸಿ
ಮೇಲೆ ತನ್ನದೊಂದು ಹಿಡಿ ಹಾಕಿ ಕಳಿಸುತ್ತದೆ.

ಓಟಿಡಿಆರ್ ಜೋಡಿಸಿದೆ.
ಒಂದು ಮಿಂಚು ಕಳಿಸಿ, ದಾರಿಯುದ್ದಕ್ಕೂ ಗಾಜು ಹಿಂದಕ್ಕೆ ಚೆಲ್ಲುವ
ಹನಿಯಷ್ಟು ಬೆಳಕಿಗೆ ಕಾಯುವುದು.
ಆಕಾಶವನ್ನು ನೀಲಿ ಮಾಡುವುದೂ ಇದೇ ಚೆಲ್ಲಾಟ.
ಸಾವಿರದ ಮುನ್ನೂರ ಹತ್ತರಲ್ಲಿ ಗೆರೆ ನೆಟ್ಟಗಿತ್ತು.
ಸಾವಿರದ ಐನೂರ ಐವತ್ತರಲ್ಲಿ
ಹದಿನಾಲ್ಕನೇ ಕಿಲೋಮೀಟರಿಗೆ ಒಂದು ಮೆಟ್ಟಿಲು, ಕೆಳಕ್ಕೆ.
ಮುರಿದಿದ್ದರೆ ಎರಡೂ ಅಳಬೇಕಿತ್ತು.
ಉದ್ದನೆಯದು ಮಾತ್ರ ಅತ್ತರೆ
ಅದು ಮುರಿದದ್ದಲ್ಲ, ಬಾಗಿದ್ದು.
"ಬರೆದುಕೋ" ಅಂದೆ. "ಪುಸ್ತಕದಲ್ಲಿದೆ" ಅಂದ.
ಇರಲಿ.

ತಿತಿಮತಿ ದಾಟುವಾಗ ಮಂಜು.
ನಾಪೋಕ್ಲಿನ ಉಮ್ಮರ್ ಸ್ಪ್ಲೈಸಿಂಗ್ ಮೆಷಿನ್ನನ್ನು
ತೊಡೆಯ ಮೇಲೆ ಕೂಸಿನಂತೆ ಹಿಡಿದಿದ್ದ.
ಗಾಜಿನ ಹದಿನಾಲ್ಕು ರಸ್ತೆಯ ಹದಿನಾಲ್ಕಲ್ಲ,
ಕೇಬಲಿನೊಳಗೆ ಎಳೆ ತಿರುಚಿಕೊಂಡು ಓಡುತ್ತದೆ,
ಗುಂಡಿಗುಂಡಿಗೆ ಹತ್ತು ಮೀಟರು, ಇಪ್ಪತ್ತು ಮೀಟರು
ನಾಳೆಗಿರಲಿ ಎಂದು ಸುತ್ತಿಟ್ಟಿರುತ್ತಾರೆ,
ರಿಜಿಸ್ಟರಿನಲ್ಲಿ ಬರೆಯುವುದಿಲ್ಲ.
ನಾನು ಕೂಡುತ್ತಿದ್ದೆ, ಕಳೆಯುತ್ತಿದ್ದೆ.
ಅಷ್ಟರಲ್ಲಿ ತಿರುವಿನಲ್ಲಿ ಟಾರ್ಚು ಬೀಸಿದ
ಲೈನು ಕಾಯುವ ಚಿಕ್ಕಮಾರ, ಹಾಡಿಯವನು.
ಅವನಿಗೆ ಎರಡು ಕಡ್ಡಿ ಸಿಗ್ನಲ್ ಬೇಕಾದರೆ ಬಂಡೆ ಹತ್ತಬೇಕು;
ಯಾರೂ ಫೋನು ಮಾಡಿರಲಿಲ್ಲ.
"ಒಂಟಿ" ಅಂದ. "ಎಡಗಾಲು ಎಳೀತದೆ.
ರಾತ್ರಿ ಟ್ರೆಂಚ್ ದಾಟಕ್ಕೆ ಜಾಗ ಹುಡುಕ್ತಾ ಇತ್ತು."

ಗುಂಡಿಯ ಕಾಂಕ್ರೀಟು ಮುಚ್ಚಳ ಎರಡು ಹೋಳು.
ಸುತ್ತಿಟ್ಟ ಎಳೆ ಅದರಡಿ ನಿಂಬೆಹಣ್ಣಿಗಿಂತ ಸಣ್ಣ ಸುತ್ತಾಗಿತ್ತು.
ಒಳ್ಳೆಯ ಗಾಜಿಗೆ ಅರ್ಧ ಬೆಳಕು ನುಂಗಲು
ಹದಿನೈದು ಕಿಲೋಮೀಟರು ಬೇಕು.
ಇದು ಬೆರಳಗಲದಲ್ಲಿ ಅದಕ್ಕೂ ಹೆಚ್ಚು ನುಂಗಿ ಕೂತಿತ್ತು.
ಗೋಡೆಗೆ ಓರೆಯಾಗಿ ತಾಗಿದರೆ ಬೆಳಕು ಒಳಕ್ಕೇ ಮರಳುತ್ತದೆ;
ತಿರುವು ಕಡಿದಾದರೆ
ಗೋಡೆ ಇತ್ತೆಂಬುದೇ ಅದಕ್ಕೆ ಮರೆತುಹೋಗುತ್ತದೆ.

ಉಮ್ಮರ್ ಕತ್ತರಿಸಲಿಲ್ಲ, ಬೆಸೆಯಲಿಲ್ಲ.
ಹೋಳೆತ್ತಿ, ಉಗುರಿನಲ್ಲಿ ಮಣ್ಣು ಬಿಡಿಸಿ,
ಸುತ್ತನ್ನು ಅಂಗೈಯಗಲ ಮಾಡಿದ. ಅಷ್ಟೇ.
ವಾಕಿಟಾಕಿಯಲ್ಲಿ ಪೂವಯ್ಯ: "ಏರ್ತಿದೆ... ಏರ್ತಿದೆ ಮೇಡಂ...
ಎಂಬತ್ತೂ."
ಮೆಷಿನ್ ಬಿಚ್ಚದಿದ್ದರೆ ಪೂರಾ ಕೂಲಿಯೋ ಅರ್ಧವೋ ಎಂದು
ಉಮ್ಮರನಿಗೂ ನನಗೂ ಸ್ವಲ್ಪ ಜಟಾಪಟಿ ಆಯಿತು. ಪೂರಾ ಬರೆದೆ.

ಪಕ್ಕದಲ್ಲಿ ಟೋಪಿ ಕಳಚಿದ್ದ ಒಂದು ತುದಿಗೆ
ಚಿಕ್ಕಮಾರ ಕಣ್ಣು ತಂದ: "ಎಲ್ಲಿ, ಕಾಣಲ್ವಲ್ಲ?"
ತೋಳು ಹಿಡಿದು ಎಳೆದೆ.
ಕಾಣದ್ದೇ ಕಣ್ಣು ಸುಡುತ್ತದೆ, ನೋಡಬಾರದು.
ನಮಗೆ ಕಲಿಸಿದ ಮೊದಲ ಪಾಠ ಅದು, ಬೇರೆಲ್ಲ ಆಮೇಲೆ.

ಕಾರಣದ ಕಾಲಮ್ಮಿನಲ್ಲಿ ಅಗೆತ, ಬೆಂಕಿ, ಇಲಿ ಅಂತಿದೆ.
'ಇತರೆ'ಗೆ ಗೀಟು ಹಾಕಿದೆ.
ಹೊಸ ಮುಚ್ಚಳ ತಂದು ಮೂವರೂ ಸೇರಿ ಕೂರಿಸಿದೆವು.
ಚಿಕ್ಕಮಾರ ಅದರ ಮೇಲೆ ಹತ್ತಿ ನಿಂತ,
ಎರಡು ಸಲ ಕುಪ್ಪಳಿಸಿದ,
ಕಾಡಿನ ಕಡೆಗೊಮ್ಮೆ ನೋಡಿದ.
"ನನ್ನ ತಡೀತದೆ" ಅಂದ.